ಹರಳಿನೊಳಗಿನ ಹನಿ

ಟಾರ್ಚನ್ನು ಗಾಜಿನ ತೊಟ್ಟಿಯ ಪಕ್ಕಕ್ಕೆ ಒತ್ತಿ ಹಿಡಿದಾಗ ಅದು ವ್ಲಾಸ್ತಾಳ ಕಣ್ಣಿಗೆ ಬಿತ್ತು. ಏಳು ತಿಂಗಳಿಂದ ಬೆಳೆಸಿದ ಹರಳಿನ ಒಂದು ಮುಖದೊಳಗೆ, ಉಗುರಿನಷ್ಟಗಲ, ಒಡೆದ ಹಾಲಿನಂಥ ಒಂದು ಮಸುಕು ತೆರೆ. ಟಾರ್ಚ್ ಆರಿಸಿದಳು. ಮತ್ತೆ ಹಚ್ಚಿದಳು. ತೆರೆ ಅಲ್ಲೇ ಇತ್ತು.

ಸೋಮವಾರದ ಬೆಳಗು. ಸಂಶೋಧನಾಲಯದ ನೆಲಮಾಳಿಗೆಯ ಕಿಟಕಿಯಲ್ಲಿ ದಾರಿಹೋಕರ ಬೂಟುಗಳಷ್ಟೇ ಕಾಣುತ್ತಿದ್ದವು.

ಹರಳನ್ನು ಹಿಡಿದ ಕಂಬಿ ಲವಣದ ನೀರಿನಲ್ಲಿ ಅರ್ಧ ನಿಮಿಷ ಬಲಕ್ಕೆ, ಅರ್ಧ ನಿಮಿಷ ಎಡಕ್ಕೆ ತಿರುಗಬೇಕು. ಹರಳು ತನ್ನ ಮೈಗೆ ತಾಗಿದ ನೀರಿನ ಲವಣವನ್ನೇ ಮೊದಲು ತಿನ್ನುತ್ತದೆ. ಬರಿದಾದ ಆ ತೆಳು ಪದರಕ್ಕೆ ಆಚೆಯಿಂದ ಹೊಸ ಲವಣ ಬಂದು ಸೇರುತ್ತಿರಬೇಕು. ಒಂದೇ ಕಡೆ ತಿರುಗಿದರೆ ಮರೆಯ ಬದಿಯಲ್ಲಿ ನೀರು ನಿಂತುಬಿಡುತ್ತದೆ. ಅಂಚುಗಳು ಸಿಕ್ಕಿದ್ದನ್ನು ತಿಂದು ಮುಂದೆ ಓಡುತ್ತವೆ, ನಡು ಹಸಿದು ತಗ್ಗಾಗುತ್ತದೆ. ಆಮೇಲೆ ಅಂಚುಗಳು ಕೂಡಿಕೊಂಡು ತಗ್ಗಿನ ನೀರನ್ನು ಹನಿಹನಿಯಾಗಿ ಒಳಗೇ ಮುಚ್ಚಿಬಿಡುತ್ತವೆ.

ಕಂಬಿಯ ದಿಕ್ಕು ಬದಲಿಸುವ ಸ್ವಿಚ್ಚು, ರಿಲೇ, ಭಾನುವಾರ ಮಧ್ಯಾಹ್ನ ಕಚ್ಚಿಕೊಂಡಿತ್ತು. ಭಾನುವಾರದ ಪಾಳಿ ಹಿರಿಯ ಸಹೋದ್ಯೋಗಿ ಲುಬೋಶನದು. ಆದರೆ ಅದರ ಟಕ್ ಟಕ್ ತಲೆ ಕೊರೆಯುತ್ತದೆಂದು ಹೋದ ವಾರ ಅದಕ್ಕೆ ಉಣ್ಣೆಯ ಚೂರು ಸುತ್ತಿದವಳು ವ್ಲಾಸ್ತಾಳೇ. ಇಲ್ಲಿ ಎಲ್ಲರೂ ಹರಳನ್ನು ಕಾಯುವುದು ಕಿವಿಯಿಂದ. ಟಕ್ ಕೇಳಿಸದಿದ್ದಾಗ ಅವನು ಉಣ್ಣೆಯಿಂದಾಗಿ ಎಂದುಕೊಂಡಿರಬೇಕು.

ಮುಖ್ಯಸ್ಥ ಹಾವ್ರಾನೆಕ್ ಕೈ ಉಜ್ಜಿಕೊಳ್ಳುತ್ತ ಮೆಟ್ಟಿಲಿಳಿದು ಬಂದರು.

"ಹೇಗಿದ್ದಾಳಮ್ಮಾ ನಮ್ಮ ಮದುಮಗಳು?"

ವ್ಲಾಸ್ತಾ ತೊಟ್ಟಿಗೆ ಅಡ್ಡ ನಿಂತಳು. "ಚೆನ್ನಾಗಿದ್ದಾಳೆ ಸಾರ್."

"ಶುಕ್ರವಾರ ಆಚೆ ತೆಗೆಯೋಣ. ಹರಳು ಕೈಗೆ ಬಂದ ಮೇಲೆ ಇಲ್ಲಿನ ಕೆಲಸದಿಂದ ನಿನ್ನ ಬಿಡುಗಡೆ ಕಾಗದಕ್ಕೆ ಸಹಿ. ಬ್ರ್ನೋದವರು ಒಂದನೇ ತಾರೀಖು ದಾಟಿದ್ರೆ ಕಾಯಲ್ಲ ಅಂದಿದಾರಲ್ವಾ?"

"ಕಾಯಲ್ಲ ಸಾರ್. ಬೇರೆಯವರನ್ನ ತಗೋತಾರೆ."

ಅವರು ಹೋದರು. ಬ್ರ್ನೋದ ಕೆಲಸದ ಜೊತೆ ಒಂದು ಕೋಣೆಯ ಮನೆ ಸಿಗುತ್ತಿತ್ತು. ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಮಗಳು ಯಿತ್ಕಾ ಅದೇ ಊರಿನಲ್ಲಿದ್ದಳು. ತಿಂಗಳಿಗೊಮ್ಮೆ ರೈಲು ಹತ್ತಿ ಹೋಗಿ ನೋಡಿಬರಬೇಕಿತ್ತು. ಹೋದ ಸಲ ಬಾಗಿಲು ತೆರೆದವಳು, ನೆಂಟರಿಗೆ ಹೇಳುವಂತೆ, "ಒಳಗೆ ಬನ್ನಿ" ಎಂದಿದ್ದಳು.

ಲುಬೋಶ್ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡೇ ಬಂದ. ಅವಳ ಮುಖ ನೋಡಿ, ಟಾರ್ಚ್ ಕಿತ್ತುಕೊಂಡು ಬಗ್ಗಿದ. ಅಗಿಯುವುದು ನಿಂತಿತು.

"ಕಾಮ್ರೇಡ್ ಎಂಜಿನಿಯರ್ ಹಾವ್ರಾನೆಕ್ ಇದನ್ನ ನೋಡಿದ್ರಾ?"

"ಇಲ್ಲ."

"ಹಂಗಾದ್ರೆ ನಾನೂ ನೋಡಿಲ್ಲ. ವಯಸ್ಸಾಯ್ತಲ್ಲ, ಹೆಂಡತಿ ಮುಖಾನೇ ಮಂಜು ಮಂಜು. ಅದೊಂದು ಪುಣ್ಯ."

"ಲುಬೋಶಣ್ಣಾ, ಹರಳು ಕುಯ್ದಾಗ ಗೊತ್ತಾಗುತ್ತೆ. ಭಾನುವಾರದ ಹಾಳೇಲಿ ನಿಮ್ಮ ಸಹಿ ಇದೆ."

"ಇರ್ಲಿ. ಬಾಯ್ಲರ್ ಕೋಣೆಗೆ ಹಾಕ್ತಾರೆ, ಅಷ್ಟೇ ತಾನೆ? ಚಳಿಗಾಲಕ್ಕೆ ಬೆಚ್ಚಗಿರುತ್ತೆ." ರಿಲೇಯ ಉಣ್ಣೆ ಬಿಚ್ಚಿ ತನ್ನ ಜೇಬಿಗೆ ತುರುಕಿದ. ರಿಲೇಗೆ ಬೆರಳಿನಿಂದ ತಟ್ಟಿದ. ಕಂಬಿ ನಿಂತು, ದಿಕ್ಕು ಬದಲಿಸಿತು. "ನೀನು ಹೊರಡು ತಾಯಿ. ಮಗು ಹತ್ರ ಹೋಗು."

"ಆ ಉಣ್ಣೆ ಕೊಡಿ."

"ಯಾವ ಉಣ್ಣೆ?"

ಅವನು ಬೈದಿದ್ದರೆ ಹೋಗಿಬಿಡಬಹುದಿತ್ತು ಎಂದು ಅವಳಿಗನ್ನಿಸಿತು. ಅವನು ಮಿಕ್ಕ ರೊಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಿದ್ದ, ತುಂಬ ಹೊತ್ತು, ತುಂಬ ನೀಟಾಗಿ. ಕಿಟಕಿಯಲ್ಲಿ ಒಂದು ಜೊತೆ ಬೂಟು ನಿಂತು ಮುಂದೆ ಹೋಯಿತು.

ಅವಳು ಹೋಗಿ ತೊಟ್ಟಿಯ ಶಾಖದ ಗುಂಡಿಯನ್ನು ಮೂರು ಡಿಗ್ರಿ ಮೇಲಕ್ಕೆ ತಿರುಗಿಸಿದಳು.

"ಹುಚ್ಚೀ! ತೆರೆ ಹೋಗೋವರ್ಗೂ ಕರಗಿಸಿ, ಮತ್ತೆ ಬೆಳೆಸೋಷ್ಟರಲ್ಲಿ ಕ್ರಿಸ್‌ಮಸ್ ಆಗುತ್ತೆ."

"ಗೊತ್ತು."

ದಿನಚರಿ ಪುಸ್ತಕ ತೆರೆದು, ರಿಲೇಗೆ ಉಣ್ಣೆ ಸುತ್ತಿದ್ದು ನಾನು ಎಂದು ಬರೆದು ಸಹಿ ಮಾಡಿದಳು. ಲುಬೋಶ್ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹರಳಿನ ಚೂಪು ಅಂಚು ನೆಕ್ಕಿದ ಸಕ್ಕರೆಯಚ್ಚಿನಂತೆ ಮೊಂಡಾಯಿತು. ದಿಕ್ಕು ಬದಲಿಸಲು ಕಂಬಿ ಒಂದು ಕ್ಷಣ ನಿಂತಾಗಲೆಲ್ಲ, ಹರಳಿನ ಮೈಯಿಂದ ಕರಗಿದ ಲವಣದ ಬಣ್ಣವಿಲ್ಲದ ಎಳೆಗಳು ಬಿಡಿಸಿಕೊಂಡು, ನಡುಗುತ್ತ, ಭಾರವಾಗಿ ತೊಟ್ಟಿಯ ತಳಕ್ಕೆ ಇಳಿಯುತ್ತಿದ್ದವು.