ಇಳಿಹಡಗಿನ ಹಗ್ಗ

"ಇನ್ನಷ್ಟು ಜಗ್ಗೋ ಬೀರಣ್ಣ, ಪೈಲಟ ಒಂದ್ ಮಗ್ಗಲಿಗಿ ವಾಲಾಕತ್ತಾನ."

ತಗಡಿನ ಕೆಲಸದ ಮಶಾಕಸಾಬ ಹಾಗೆಂದದ್ದೇ ಬೀರಣ್ಣ ಹಗ್ಗ ಜಗ್ಗಿ ಬಿದಿರಿಗೆ ಗಂಟು ಬಿಗಿದ. ಸಿದ್ದರಾಯನ ಹೆಣ ಮಂಟಪದಲ್ಲಿ ನೆಟ್ಟಗೆ ಕೂತಿತು. ಹಣೆಯ ತುಂಬ ವಿಭೂತಿ, ಕೊರಳಿನ ತುಂಬ ಚೆಂಡುಹೂ. ಹೊರ್ತಿ ಊರಿನ ಆ ಓಣಿ ಕಿಕ್ಕಿರಿದಿತ್ತು; ಇಂಡಿಯಿಂದ, ಲಚ್ಯಾಣದಿಂದಲೂ ಜನ ಟಂಟಂ ಆಟೋ ಮಾಡಿಕೊಂಡು ಬಂದಿದ್ದರು. ಒಬ್ಬ ಸಿಂಪಿಗನ ಮಣ್ಣಿಗೆ ಇಷ್ಟು ಮಂದಿ! ತಾನು ಸತ್ತರೆ ಇದರಲ್ಲಿ ಅರ್ಧವಾದರೂ ಬಂದಾರೇ ಎಂದು ಬೀರಣ್ಣ ಯೋಚಿಸಿದ. ಯೋಚಿಸಿ ಹೊಟ್ಟೆ ಉರಿಸಿಕೊಂಡ.

ಸತ್ತವನ ಮೇಲೂ ಹೊಟ್ಟೆಕಿಚ್ಚೇ? ಹೌದು. ವರ್ಷಗಟ್ಟಲೆ ಊದಿ ಊದಿ ಕಾಪಾಡಿಕೊಂಡ ಕಿಚ್ಚು ಒಂದು ಸಾವಿಗೆಲ್ಲ ಆರುವಂಥದಲ್ಲ.

"ನಮ್ಮ ಪೈಲಟ ಹ್ವಾದನಲ್ರೋ!" ಎಂದು ಮುದುಕಿಯೊಬ್ಬಳು ಅತ್ತಳು. ಸಿದ್ದರಾಯ ಎಂಬ ಹೆಸರು ಊರಿಗೆ ಮರೆತೇ ಹೋಗಿತ್ತು. ಅಂಗಡಿಯ ಬೋರ್ಡಿನ ಮೇಲೂ ಪೈಲಟ ಟೇಲರ್ಸ್. ಬೀರಣ್ಣನ ಸ್ವಂತ ಹೆಂಡತಿ ಕಸ್ತೂರೆವ್ವ ಕೂಡ ಕುಬಸ ಹೊಲಿಸಲು ಹೋಗುತ್ತಿದ್ದುದು ಪೈಲಟನ ಹತ್ತಿರವೇ. ಬದುಕಿನಲ್ಲಿ ಒಮ್ಮೆಯೂ ವಿಮಾನ ಹತ್ತದವನು ಪೈಲಟನಂತೆ! ಆ ಹೆಸರು ಬೀರಣ್ಣನಿಗೆ ಬರಬೇಕಾದದ್ದು.

*

೧೯೯೪ರ ಬೇಸಗೆಯಲ್ಲಿ ಬಸಂತರಾಯ ಮಾಸ್ತರರಿಗೆ ಹೊಸ ನಾಟಕ ಬರೆಯುವ ಹುಕಿ ಬಂತು. ರಾಜರನ್ನೂ ಗೌಡರನ್ನೂ ಬಿಟ್ಟು ಸೀದಾ ಆಕಾಶಕ್ಕೇ ಕೈಹಾಕಿದರು. ದಂಡಿನ ಜವಾನರನ್ನು ಒಯ್ದು ಬೇರೆ ಬೇರೆ ಚುಕ್ಕಿಗಳ ಮೇಲೆ ಇಳಿಸುವ ಹಡಗು. ಅದಕ್ಕೆ ಅವರೇ ಇಳಿಹಡಗು ಎಂದು ಹೆಸರಿಟ್ಟರು. ಎಲ್ಲರನ್ನೂ ಇಳಿಸಿ ಮರಳುವಾಗ ಎಣ್ಣೆ ತೀರಿ ಪೈಲಟ ಒಬ್ಬನೇ ನಡುಬಾನಿನಲ್ಲಿ ಸಿಕ್ಕಿಬೀಳುತ್ತಾನೆ. ಕೊನೆಗೆ ಹೇಗೋ ಭೂಮಿಗೆ ಇಳಿಯುತ್ತಾನೆ, ಮಂಗಳ.

ಪೈಲಟನ ಪಾತ್ರ ಬೀರಣ್ಣನದು. ಕಂಚಿನ ಕಂಠ, ಕುಸ್ತಿಯ ಮೈ. ಸಿದ್ದರಾಯ ಪರದೆಯ ಮಗ್ಗುಲಲ್ಲಿ ಕೂತು ಮರೆತವರಿಗೆ ಮಾತು ಎತ್ತಿಕೊಡುವವನು, ಅಷ್ಟೇ. ತಾಲೀಮಿನಲ್ಲಿ ಬೀರಣ್ಣ ದಿನಾ ಒಂದೇ ಕಡೆ, ಪೈಲಟ ಭೂಮಿತಾಯಿಯನ್ನು ಬೇಡುವ ಕಡೆ, ಎಡವುತ್ತಿದ್ದ. "ಎಲ್ಲರನ್ನೂ ಅವರವರ ನೆಲಕ್ಕೆ ಇಳಿಸಿದೆ, ತಾಯಿ. ನನಗೊಬ್ಬನಿಗೆ..." ಎಂದು ನಿಂತು ಮಗ್ಗುಲಿಗೆ ಕತ್ತು ಹೊರಳಿಸಿದರೆ, ಸಿದ್ದರಾಯ ಮೆಲ್ಲಗೆ ಎತ್ತಿಕೊಡುತ್ತಿದ್ದ: "ಒಂದು ಹಿಡಿ ಮಣ್ಣು ಉಳಿಸಿರು."

ಮಶಾಕಸಾಬ ಎಣ್ಣೆಡಬ್ಬಿಗಳ ತಗಡು ಬಡಿದು ಹಡಗು ಮಾಡಿದ. ತೊಲೆಗೆ ಬಾವಿಯ ಗಡಗಡಿ ಕಟ್ಟಿ, ಹಗ್ಗ ಜಗ್ಗಿ ಅದನ್ನು ಮೇಲೆತ್ತಬೇಕು. ನಾಟಕದ ದಿನ ಮುಂಜಾನೆ ಬೀರಣ್ಣ ಒಳಗೆ ಕೂತ. ನಾಲ್ವರು ಜಗ್ಗಿದರು. ತೊಲೆ ಲಟಕ್ಕೆಂದಿತು.

"ಬೀರಣ್ಣ, ನಿನ್ನ ಎತ್ತಾಕ ಕ್ರೇನ್ ತರಸ್ಬೇಕಾಕ್ಕೈತಿ," ಎಂದರು ಮಾಸ್ತರರು. "ಸಿದ್ದರಾಯಾ, ಮಾತೆಲ್ಲಾ ನಿನಗ ಬಾಯಿಪಾಠ ಅದಾವಲ್ಲ? ನೀ ಕೂಡು. ಬೀರಣ್ಣ ಹಗ್ಗ ಹಿಡೀಲಿ, ರಟ್ಟ್ಯಾಗ ಕಸು ಐತಿ."

ಎಲ್ಲರೂ ನಕ್ಕರು. ಬೀರಣ್ಣನೂ ನಕ್ಕ. ಸಣಕಲ ಸಿದ್ದರಾಯನನ್ನು ಎತ್ತಲು ಅವನೊಬ್ಬನೇ ಸಾಕಾದ.

ಕೊನೆಯ ದೃಶ್ಯದಲ್ಲಿ ಹಾರ್ಮೋನಿಯಂ ನುಡಿಯಿತು. ಹಡಗು ಇಳಿಸಬೇಕು. ಬೀರಣ್ಣ ಇಳಿಸಲಿಲ್ಲ. ಇರಲಿ ಮಗ ಅಲ್ಲೇ, ಮಾತು ತೀರಿ ತೊದಲಲಿ, ಮಂದಿ ಹೋ ಎಂದು ನಗಲಿ ಅಂದುಕೊಂಡು ಹಗ್ಗವನ್ನು ಕಂಬಕ್ಕೆ ಸುತ್ತಿಬಿಟ್ಟ. "ಗಡಗಡಿ ಸಿಕ್ಕೊಂಡೈತ್ರೀ!" ಎಂದು ಮಾಸ್ತರರಿಗೆ ಹೇಳಿದ.

ಸಿದ್ದರಾಯ ಮೇಲಿನಿಂದ ಬಗ್ಗಿ ನೋಡಿದ. ಕಂಬ ಕಂಡಿತು, ಸುತ್ತಿದ ಹಗ್ಗ ಕಂಡಿತು, ಬೀರಣ್ಣನ ಮುಖವೂ ಕಂಡಿತು. ಜನರ ಕಡೆ ತಿರುಗಿ ಅದೇ ಮಾತನ್ನು ಮತ್ತೆ ಶುರು ಮಾಡಿದ. ಮೊದಲು ಬೇಡಿದ, ಆಮೇಲೆ ಸಿಟ್ಟಾದ, ಕೊನೆಗೆ ಸಣ್ಣ ಮಗುವಿನ ಹಾಗೆ ಕೇಳಿದ: ಒಂದು ಹಿಡಿ ಮಣ್ಣು ಉಳಿಸಿರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬರೆದ ಮಾಸ್ತರರೇ ಅತ್ತರು. ಪರದೆ ಬಿದ್ದರೂ ಜನ ಏಳಲಿಲ್ಲ.

ಮರುದಿನದಿಂದ ಅವನು ಪೈಲಟ. ಹೊಟ್ಟೆಕಿಚ್ಚಿಗೆ ಹಿಡಿದ ಹಗ್ಗವೇ ಅವನನ್ನು ಮೇಲಕ್ಕೇರಿಸಿತ್ತು. ಆ ಸಂಗತಿಯನ್ನು ಸಿದ್ದರಾಯ ಬದುಕಿರುವ ತನಕ ಬಾಯಿಬಿಡಲಿಲ್ಲ. ಬೀರಣ್ಣನಿಗೆ ಅದೂ ಒಂದು ಸಿಟ್ಟು. ಒಮ್ಮೆ ಬೈದಿದ್ದರೆ ಸರಿಗೆ ಸರಿ ಆಗುತ್ತಿತ್ತು.

*

ಕುಣಿಯ ದಂಡೆಯಲ್ಲಿ ಅಯ್ಯನವರು ಮಂತ್ರ ಮುಗಿಸಿದರು. ಹೆಣದಡಿ ಬಟ್ಟೆಯ ಜೋಲಿ ಹಾಸಿದರು. ನಾಲ್ಕು ತುದಿಗಳಲ್ಲಿ ಒಂದು ಬೀರಣ್ಣನ ಕೈಗೆ ಬಂತು. ಸುತ್ತ ನಿಂತವರೆಲ್ಲ ಹಿಡಿ ಹಿಡಿ ಮಣ್ಣು ತೆಗೆದುಕೊಂಡು ಕಾದರು.

"ಇಳಸೂಮುಂದ ನಾಟಕದ ಆ ಮಾತು ಯಾರರೆ ಹೇಳ್ರಿ," ಎಂದಳು ಸಿದ್ದರಾಯನ ಹೆಂಡತಿ ಗುರವ್ವ. "ಅವ್ರಿಗಿ ಭಾಳ ಸೇರ್ತಿತ್ತು."

"ಈಗ ಅದು ಯಾರಿಗಿ ಬರ್ತೈತಿ ಯವ್ವಾ?" ಎಂದ ಮಶಾಕಸಾಬ.

"ಬೀರಣ್ಣಗ ಬರ್ತೈತಿ. ‘ಪಾರ್ಟ ಅವಂದು, ನಾ ಬರೇ ಅವನ ಬದ್ಲಿ ಕುಂತಾಂವ’ ಅಂತಿದ್ರು ಯಾವತ್ತೂ."

ಅದು ಬೀರಣ್ಣ ಎಮ್ಮೆಗಳ ಮುಂದೆ, ಬಾವಿಯ ದಂಡೆಯ ಮೇಲೆ ಇಷ್ಟು ವರ್ಷ ಕದ್ದು ಹೇಳಿಕೊಂಡ ಮಾತು. ಈಗ ಊರೇ ನೆರೆದಿದೆ, ಪಾತ್ರ ತನ್ನದೇ. ಹೆಣದ ಮುಂದೆ ನಿಂತು ಖುಷಿಪಟ್ಟ, ನಾಚಿಕೆಗೇಡಿ ಖುಷಿ. ಜೋಲಿ ಎತ್ತುತ್ತ ಗಂಟಲು ಸರಿಮಾಡಿಕೊಂಡ.

"ಎಲ್ಲರನ್ನೂ ಅವರವರ ನೆಲಕ್ಕೆ ಇಳಿಸಿದೆ, ತಾಯಿ!"

ಕಂಠ ಹಾಗೇ ಇತ್ತು.

"ನನಗೊಬ್ಬನಿಗೆ..."

ಮುಂದಿನದು ಬರಲಿಲ್ಲ.

"ಕೈ ಸಡ್ಲ ಬಿಡೋ ಬೀರಣ್ಣ," ಎಂದ ಮಶಾಕಸಾಬ ಮೆಲ್ಲಗೆ. "ಇಳಸ್ಬೇಕು."

ಉಳಿದ ಮೂವರು ಸಡಿಲ ಬಿಟ್ಟಿದ್ದರು. ಬೀರಣ್ಣ ಮಾತ್ರ ತನ್ನ ತುದಿಯನ್ನು ಬಿಗಿಯಾಗಿ ಹಿಡಿದು, ಮಗ್ಗುಲಿಗೆ ಕತ್ತು ಹೊರಳಿಸಿ, ಸಿದ್ದರಾಯನ ತುಟಿಗಳನ್ನೇ ನೋಡುತ್ತ ನಿಂತಿದ್ದ.