ಹೊಕ್ಕುಳ ಕಂಬದ ಪಕ್ಕದ ಹೆಗಲು

ನಮ್ಮ ಮನೆಯನ್ನು ಎತ್ತಿ ಬೇರೆ ಕಡೆ ಇಡಬೇಕೆಂದು ಹೇಳಲು ಅಮುರೆ ಸಕ್ಕ ಬಂದದ್ದು ಕೊಯ್ಲು ಮುಗಿದ ವಾರ. ಅಮುರೆ ಎಂದರೆ ಚಿಕ್ಕಪ್ಪ; ಅವರು ತೀರಿಹೋದ ನನ್ನ ಅಪ್ಪನ ತಮ್ಮ. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು ಹಿಡಿದಿದ್ದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡು ಕುಳಿತರು.

"ಅತ್ತಿಗೆ, ನನ್ ಮಗ ನುರ್ದಿನ್ ಮದುವೆ ಗಟ್ಟಿಯಾಯ್ತು. ಹೆಣ್ಣಿನ ಕಡೆಯವ್ರು ಚಿನ್ನ ಬೇಡ, ಭೂಮಿನೇ ಕೊಡಿ ಅಂದ್ರು. ಈ ಜಾಗ ಹೇಳ್ಬಿಟ್ಟೆ."

"ಹೇಳ್ಬಿಟ್ಟೆ ಅಂದ್ರೆ?"

"ಇಮಾಮರ ಮುಂದೆ ಹೇಳಿದೀನಿ."

ಮದುಮಗಳಿಗೆಂದು ಇಮಾಮರ ಮುಂದೆ ಆಡಿದ ಭೂಮಿಯ ಮಾತನ್ನು ಮತ್ತೆ ಹಿಂದಕ್ಕೆ ತೆಗೆದುಕೊಂಡವರು ನಮ್ಮೂರಿನಲ್ಲಿ ಯಾರೂ ಇಲ್ಲ. ನೆಲ ಅಮುರೆಯದು, ಅದರ ಮೇಲಿನ ಮನೆ ನಮ್ಮದು. ಇದರಲ್ಲಿ ಜಗಳಕ್ಕೆ ಏನೂ ಇರಲಿಲ್ಲ. ಮರದ ಕಂಬಗಳ ಮೇಲೆ ನಿಂತ ಮನೆ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟರೆ ಒಂದು ಬೆಳಗಿನಲ್ಲಿ ಗದ್ದೆ ದಾಟಿ ಹೋಗುತ್ತದೆ. ಕಾಲುವೆಯ ಆಚೆ ಅಮ್ಮನ ತವರಿನಿಂದ ಬಂದ ಒಂದು ತುಂಡು ನೆಲ ಖಾಲಿ ಬಿದ್ದಿತ್ತು.

"ವೆರೊ ಬರ್ಲಿ. ಅವ್ನು ಬಂದ ಮೇಲೆ ಎತ್ತಿ," ಎಂದಳು ಅಮ್ಮ.

ಅಮುರೆ ನನ್ನ ಕಡೆ ನೋಡಿದರು. ನಾನು ಬಾಳೆಗೊನೆಯ ಕಡೆ ನೋಡಿದೆ.

ವೆರೊ ನನ್ನ ಅಣ್ಣ. ಊರಿನವರು ಅಮ್ಮನನ್ನು ಕರೆಯುವುದೇ ಇಂದೊ ವೆರೊ ಎಂದು, ವೆರೊನ ತಾಯಿ ಎಂದು. ಅವನು ಪರೆಪರೆಯಲ್ಲಿ ಹಡಗು ಹತ್ತಿ, ನುನುಕಾನಿನಲ್ಲಿ ಇಳಿದು, ಅಲ್ಲಿಂದ ಸಣ್ಣ ದೋಣಿಯಲ್ಲಿ ಗಡಿಯಾಚೆಯ ತವಾವಿನ ತಾಳೆ ತೋಟಕ್ಕೆ ಕೂಲಿಗೆ ಹೊರಟಿದ್ದ. ಎರಡು ದೋಣಿಗಳು ಹೊರಟವು, ಒಂದು ಮುಟ್ಟಿತು. ಮುಟ್ಟಿದ ದೋಣಿಯಲ್ಲಿದ್ದ ಪಕ್ಕದೂರಿನವನೊಬ್ಬ ಮರುವರ್ಷ ಬಂದು, ವೆರೊ ಇನ್ನೊಂದರಲ್ಲಿದ್ದ ಎಂದು ಹೇಳಿ, ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದುಹೋದ. ನಾನು ಶಾಲೆ ಬಿಟ್ಟು ಗದ್ದೆಗೆ ಇಳಿದದ್ದು ಆ ವರ್ಷವೇ. ಊರೆಲ್ಲ ಅಣ್ಣ ಸತ್ತನೆಂದು ತಿಳಿದುಕೊಂಡಿತು. ಅಮ್ಮ ಮಾತ್ರ ಸತ್ತವರಿಗೆ ಓದುವ ಪ್ರಾರ್ಥನೆಯನ್ನು ಅವನ ಹೆಸರಿನಲ್ಲಿ ಓದಲು ಬಿಡಲಿಲ್ಲ. ಶುಕ್ರವಾರ ಇಮಾಮರು ಬಂದರೆ ದಾರಿಯಲ್ಲಿರುವವರಿಗೆ ಓದುವುದನ್ನೇ ಓದಿಸುತ್ತಿದ್ದಳು. ಅವರೂ ಮೊದಮೊದಲು ಅಮ್ಮನ ಮುಖ ನೋಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚಿ ಓದಿ ಹೋಗುತ್ತಿದ್ದರು.

ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಂಜೆಯ ಬಾಂಗ್ ಮುಗಿದು ದೀಪ ಹಚ್ಚುವ ಹೊತ್ತಿಗೆ ಒಮ್ಮೊಮ್ಮೆ ನಮ್ಮ ಏಣಿಯ ಮೇಲೆ ಹೆಜ್ಜೆ ಕೇಳುತ್ತಿತ್ತು. ಕೆಳಗಿನ ಮೆಟ್ಟಿಲು, ಅದರ ಮೇಲಿನದು, ಇನ್ನೊಂದು. ಅಲ್ಲಿಗೆ ನಿಲ್ಲುತ್ತಿತ್ತು. ಮೇಲೆ ಬರುತ್ತಿರಲಿಲ್ಲ, ಇಳಿದು ಹೋದ ಸದ್ದೂ ಆಗುತ್ತಿರಲಿಲ್ಲ. ಅಮ್ಮ ಅಡುಗೆ ಮಾಡುತ್ತಲೇ, ತಲೆ ಎತ್ತದೆ, "ಕಾಲು ತೊಳ್ಕೊಂಡು ಬಾ ಮಗಾ, ಕತ್ತಲಾಗ್ತಿದೆ" ಎನ್ನುತ್ತಿದ್ದಳು. ನಾನು ಎದ್ದು ನೋಡುತ್ತಿರಲಿಲ್ಲ. ಬೆಳಿಗ್ಗೆ ಏಣಿಯ ಬುಡದ ಮಣ್ಣು ಒದ್ದೆಯಾಗಿರುತ್ತಿತ್ತು. ಅದನ್ನು ಬೆರಳಿನಲ್ಲಿ ಮುಟ್ಟಿ ಮೂಸಿದ್ದೇನೆ, ಉಪ್ಪುನೀರಿನ ವಾಸನೆ. ನಮ್ಮೂರಿನಿಂದ ಸಮುದ್ರ ಅರ್ಧ ದಿನದ ದಾರಿ.

ಅಮುರೆ ಮತ್ತೆ ಬಂದಾಗ ಇಮಾಮರನ್ನೂ, ಮನೆಗಳನ್ನು ನಿಲ್ಲಿಸುವ ಪನ್ರಿತಾ ಅಜ್ಜನನ್ನೂ ಕರೆತಂದಿದ್ದರು. ಪಕ್ಕದ ಮನೆಯ ಹನಾಪಿಯೂ ಬಂದು ಬಾಗಿಲಲ್ಲಿ ಕುಳಿತ. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಐದನೆಯವನಾಗಿ ಅವನಿರುತ್ತಾನೆ.

"ಎಲ್ಲಿಗೋ ದೂರ ಹೋಗ್ತಿಲ್ವಲ್ಲ ಅತ್ತಿಗೆ," ಎಂದರು ಅಮುರೆ. "ಇಲ್ಲಿಂದ ಕೂಗಿದ್ರೆ ಕೇಳತ್ತೆ. ವೆರೊ ಬಂದ್ರೆ ಬಾಯಿಲ್ವಾ ಅವನಿಗೆ? ನಮ್ಮನೆ ಎಲ್ಲಿ ಅಂತ ಯಾರನ್ನಾದ್ರೂ ಕೇಳ್ತಾನೆ."

"ರಾತ್ರಿ ಬಂದ್ರೆ ಯಾರನ್ನ ಕೇಳ್ತಾನೆ?"

ಅಮ್ಮ ಮುಂದುವರಿಸಿದಳು: "ಅವನಿಗೆ ಗೊತ್ತಿರೋದು ಈ ಏಣಿ ಒಂದೇ. ಇಲ್ಲಿಗೆ ಬಂದು ನೋಡ್ದಾಗ ಏಣಿ ಇಲ್ಲ ಅಂದ್ರೆ ಎಲ್ಲಿಗೆ ಹೋಗ್ತಾನೆ ಹೇಳಿ."

ಹನಾಪಿ ತಡೆಯಲಾರದೆ ಬಾಯಿ ಹಾಕಿದ. "ಬೇಕಾದ್ರೆ ಏಣಿ ಇಲ್ಲೇ ಬಿಟ್ಟು ಹೋಗೋಣ ಇಂದೊ. ನುರ್ದಿನ್ ಹೆಂಡತಿ ಸೌತೆ ಬಳ್ಳಿ ಹಬ್ಬಿಸ್ಕೊಳ್ತಾಳೆ."

"ನಿನ್ ನಾಲಿಗೆ ಮೇಲೆ ಹಬ್ಬಿಸಲಿ," ಎಂದರು ಪನ್ರಿತಾ ಅಜ್ಜ. "ಅಷ್ಟು ಉದ್ದ ಚಪ್ಪರ ಊರಲ್ಲಿ ಇನ್ನೆಲ್ಲಿದೆ?"

ಇಮಾಮರೂ ನಕ್ಕರು. ಅಮ್ಮ ನಗಲಿಲ್ಲ. ಅಮುರೆ ನನ್ನ ಕಡೆ ತಿರುಗಿದರು. "ಮಗಳೇ ರೆನ್ನು, ನಿಮ್ಮಪ್ಪ ಸಾಯೋವಾಗ ಮನೆ ನಿನ್ ಹೆಸರಿಗೆ ಹೇಳಿ ಹೋಗಿದಾನೆ. ಕಿರಿಯ ಮಗಳು ನೀನು. ನೀನು ಒಪ್ಪದೆ ಯಾರೂ ಕಂಬ ಮುಟ್ಟಲ್ಲ. ಬಲವಂತ ಏನಿಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೆಲದ ಸೀಳುಬಿದಿರಿನ ಸಂದಿನಿಂದ ಕೆಳಗೆ ನೋಡಿದೆ. ಅಲ್ಲಿ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಏಣಿಯ ಬುಡದಲ್ಲಿ ಮಾತ್ರ ಅವು ಕೆದಕುತ್ತಿರಲಿಲ್ಲ. ಸುತ್ತುಹಾಕಿಕೊಂಡು ಹೋಗುತ್ತಿದ್ದವು. ನನಗೆ ಹೆದರಿಕೆಯಾಗಿತ್ತು, ಬಹಳ ದಿನದಿಂದ ಆಗಿತ್ತು.

"ಎತ್ತಿ," ಎಂದೆ.

ಅಮ್ಮ ಎದ್ದು ಒಲೆಯ ಹತ್ತಿರ ಹೋದಳು. ಅಲ್ಲಿಂದಲೇ ಹೇಳಿದಳು: "ಮನೆ ಅವಳದು, ಎತ್ತಿ. ಆದ್ರೆ ಹೊಕ್ಕುಳ ಕಂಬದ ಪಕ್ಕ ಹೆಗಲು ಕೊಡೋದು ಈ ಮನೆ ಮಗ. ಅದು ವೆರೊನ ಜಾಗ. ಅಲ್ಲಿ ಬೇರೆ ಯಾರೂ ನಿಲ್ಬಾರ್ದು."

ಮನೆಯ ಪ್ರಾಣವೆಲ್ಲ ಹೊಕ್ಕುಳ ಕಂಬದಲ್ಲಿರುತ್ತದೆ, ಭಾರವೂ ಅಲ್ಲಿಯೇ ಹೆಚ್ಚು. "ಅಲ್ಲಿ ನಮ್ ನುರ್ದಿನ್ ನಿಲ್ಲಲಿ ಅಂತಿದ್ದೆ," ಎಂದರು ಅಮುರೆ ಮೆಲ್ಲಗೆ. "ಖಾಲಿ ಬಿಟ್ರೆ ಮನೆ ವಾಲತ್ತೆ."

"ನುರ್ದಿನ್ ನಿಂತ್ರೆ ನನ್ ಮಗ ಸತ್ತ ಅಂತ ಅರ್ಥ."

ಪನ್ರಿತಾ ಅಜ್ಜ ಗಡ್ಡ ಕೆರೆದುಕೊಂಡು, "ಖಾಲಿ ಇರ್ಲಿ ಬಿಡು ಸಕ್ಕ," ಎಂದರು. "ಹಿಂದಿನ ಸಾಲಲ್ಲಿ ಹನಾಪಿನ ನಿಲ್ಸೋಣ. ತಿಂದಿರೋದು ಕರಗಲಿ."

ಎತ್ತುವ ದಿನ ಬೆಳಕು ಹರಿಯುವ ಮೊದಲೇ ಹೆಂಗಸರು ಅಂಟಕ್ಕಿ ಬೇಯಲಿಟ್ಟರು, ಹೂಮೀನು ಸುಟ್ಟರು, ಬಾಳೆಹಣ್ಣು ಅರೆದು ಎಲೆಯಲ್ಲಿ ಮಡಿಸಿ ಬಾರೊಂಕೊ ಮಾಡಿದರು. ಪಾತ್ರೆ, ಚಾಪೆ, ಅಟ್ಟದ ಭತ್ತ ಎಲ್ಲ ಕೆಳಗಿಳಿದವು. ಗಂಡಸರು ಕಂಬಗಳಿಗೆ ಉದ್ದಕ್ಕೂ ಅಡ್ಡಕ್ಕೂ ದಪ್ಪ ಬಿದಿರು ಕಟ್ಟಿದರು. ಅಮ್ಮ ಬರಿಗಾಲಿನಲ್ಲಿ ಏಣಿ ಇಳಿದು ಬಂದು, ಏಣಿಯನ್ನು ಬಿಚ್ಚಿದ ಮೇಲೆ ಅದೇ ಜಾಗದಲ್ಲಿ ನೆಲದ ಮೇಲೆ ಕುಳಿತಳು.

"ನೀವು ಹೋಗಿ. ನಾನು ಇಲ್ಲೇ ಇರ್ತೀನಿ," ಎಂದಳು.

ಎಷ್ಟು ಕರೆದರೂ ಏಳಲಿಲ್ಲ.

ಮನೆಯೊಡತಿ ಹೊಕ್ಕುಳ ಕಂಬವನ್ನು ಹಿಡಿದುಕೊಂಡು ಒಳಗೇ ಇರಬೇಕು, ಮನೆ ಕೆಳಗಿಳಿಯುವ ತನಕ ಮಾತಾಡಬಾರದು. ಖಾಲಿ ಮನೆಯಲ್ಲಿ ನಾನೊಬ್ಬಳೇ ಕಂಬವನ್ನು ತಬ್ಬಿ ನಿಂತೆ. ಕಾಲ ಕೆಳಗಿನ ಸೀಳುಗಳ ನಡುವೆ ಗಂಡಸರ ತಲೆಗಳು ಕಾಣುತ್ತಿದ್ದವು. ಸಾಲಿಗೆ ಸಾಲು ಹೆಗಲು, ನನ್ನ ಪಾದದ ನೇರಕ್ಕೆ ಮಾತ್ರ ಖಾಲಿ. ಅದರ ಹಿಂದೆ ಹನಾಪಿಯ ತಲೆಗೆ ಸುತ್ತಿದ ಕೆಂಪು ಬಟ್ಟೆ.

"ಇಂಥ ಸಣಕಲ ಮನೆಗೆ ಇಷ್ಟು ಜನ ಯಾಕೆ ಬೇಕಿತ್ತು ಅಜ್ಜಾ?" ಎಂದು ಅವನು ಕೆಳಗಿನಿಂದ ಕೂಗಿದ. "ನನ್ನ ಅತ್ತೆ ಇದಕ್ಕಿಂತ ಭಾರ ಇದ್ದಾಳೆ."

"ಅತ್ತೆನ ಹೊತ್ತಿದೀಯಾ ನೀನು?" ಎಂದು ಯಾರೋ ಕೇಳಿದರು.

"ಹೊತ್ತಿಲ್ಲಪ್ಪ. ದಿನಾ ತಲೆ ಮೇಲೆ ಕೂತಿರ್ತಾಳೆ."

ನಗು ಇನ್ನೂ ಮುಗಿದಿರಲಿಲ್ಲ. ಪನ್ರಿತಾ ಅಜ್ಜ ಕೂಗು ಕೊಟ್ಟರು. ಮನೆ ಒಮ್ಮೆ ನರಳಿತು, ಆಮೇಲೆ ನೆಲದಿಂದ ಬಿಟ್ಟುಕೊಂಡಿತು. ಕಿಟಕಿಯಲ್ಲಿ ತೆಂಗಿನ ಮರಗಳು ಹಿಂದಕ್ಕೆ ಸರಿಯತೊಡಗಿದವು. ಗದ್ದೆಯ ಕೂಳೆ ಮುರಿಯುವ ಸದ್ದು, ಉಸಿರಿನ ಸದ್ದು. ಕಾಲುವೆಯ ತನಕ ಚೆನ್ನಾಗಿಯೇ ಹೋಯಿತು.

ಕಾಲುವೆಗೆ ಹಾಸಿದ ಹಲಗೆಗಳ ಮೇಲೆ ಮುಂದಿನವರ ಕಾಲು ಜಾರಿತು. ಮನೆ ನನ್ನ ಬದಿಗೆ ವಾಲಿತು. "ಹಿಡೀರಿ, ಹಿಡೀರಿ" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ನಾನು ಕೆಳಗೆ ನೋಡಿದೆ. ಖಾಲಿ ಜಾಗದಲ್ಲಿ ಕಾಲುವೆಯ ನೀರು ಕಾಣುತ್ತಿತ್ತು, ಬೇರೇನೂ ಇರಲಿಲ್ಲ. ಆ ಜಾಗದ ಮೇಲಿನ ಬಿದಿರು ಕೆಳಕ್ಕೆ ಬಗ್ಗಬೇಕಿತ್ತು. ಬಗ್ಗಲಿಲ್ಲ. ನಿಧಾನವಾಗಿ ಮೇಲಕ್ಕೆ ಬಂತು, ಬಗ್ಗಿ ನಿಂತವನೊಬ್ಬ ಉಸಿರು ಕಟ್ಟಿ ನೆಟ್ಟಗಾದ ಹಾಗೆ. ನನ್ನ ಕೈಯಲ್ಲಿದ್ದ ಕಂಬ ತಣ್ಣಗಾಗಿತ್ತು. ಮನೆ ಸರಿಯಾಯಿತು. ಕಾಲುವೆ ದಾಟಿತು.

ಮನೆಯನ್ನು ಕಲ್ಲುಗಳ ಮೇಲೆ ಕೂರಿಸಿ, ಏಣಿ ಕಟ್ಟಿದರು. ಹೆಗಲು ಕೊಟ್ಟವರೆಲ್ಲ ಮೇಲೆ ಬಂದು ಸಾಲಾಗಿ ಕುಳಿತರು. ಮನೆ ಹೊತ್ತವನು ಆ ಮನೆಯ ಅನ್ನ ತಿನ್ನದೆ ಹೋಗುವ ಹಾಗಿಲ್ಲ. ನಾನು ಬಡಿಸುತ್ತಾ ಹನಾಪಿಯ ಹತ್ತಿರ ಬಂದೆ. ಅವನ ತಟ್ಟೆಯಲ್ಲಿ ಮೊದಲು ಹಾಕಿದ್ದು ಹಾಗೆಯೇ ಇತ್ತು.

"ಇನ್ನೊಂದು ಬಾರೊಂಕೊ ಹಾಕ್ಲಾ ಅಣ್ಣ?"

"ತಂಗಿ," ಎಂದ ಅವನು. ಯಾವಾಗಲೂ ಇಡೀ ಊರಿಗೆ ಕೇಳುವ ಹಾಗೆ ಮಾತಾಡುವವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ಕೊನೇಲಿ ನನ್ ಮುಂದೆ ಯಾರನ್ನ ನಿಲ್ಸಿದ್ರು?"

"ಯಾರನ್ನೂ ಇಲ್ಲ."

"ಕಾಲುವೆ ಹತ್ರ?"

"ಖಾಲಿ ಇತ್ತು. ಮೇಲಿಂದ ನೋಡ್ತಿದ್ದೆ."

ಅವನು ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. "ನನ್ ಮುಂದೆ ಬೆನ್ನಿತ್ತು. ನನ್ ಮೂಗಿಗೆ ತಾಗೋ ಅಷ್ಟು ಹತ್ರ. ಅಂಗಿ ಒದ್ದೆ. ಬೆವರು ಅಂದ್ಕೊಂಡೆ, ಆದ್ರೆ ಬೆವರು ಹಾಗೆ ಸುರಿಯಲ್ಲ. ಎಡಗಡೆ ಹೆಗಲು ಕೊಟ್ಟಿದ್ದ. ನಾವೆಲ್ಲ ಬಲಗಡೆ ಕೊಟ್ಟಿದ್ದೀವಿ, ಇವನು ಯಾಕೆ ಹೀಗೆ ಅಂತ ಬೈಯೋಕೆ ಬಾಯಿ ತೆಗೆದೆ. ದಡ ಹತ್ತಿದ ಮೇಲೆ ನೋಡಿದ್ರೆ ಇಲ್ಲ."

ನಾನು ಬುಟ್ಟಿಯನ್ನು ಕೆಳಗಿಟ್ಟೆ.

"ನಿಮ್ಮಮ್ಮನಿಗೆ ಹೇಳ್ಬೇಡ," ಎಂದ ಹನಾಪಿ. "ಹೇಳಿದ್ರೆ ಆ ಮುದುಕಿಗೆ ಇನ್ನೇನು ಉಳಿಯತ್ತೆ?"

ಬಿಸಿಲಿನಲ್ಲಿ ಗದ್ದೆಯ ಮೇಲೆ ನಡೆದು ಹಳೆಯ ಜಾಗಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬಾರದು ಎಂದುಕೊಂಡೆ. ಮನೆ ಹೋದ ಮೇಲೆ ಆ ನೆಲ ಎಷ್ಟು ಚಿಕ್ಕದಾಗಿ ಕಂಡಿತು. ಕಂಬದ ಕಲ್ಲುಗಳಿದ್ದ ಕಡೆ ಬಿಳಿಯ ಗುರುತುಗಳು, ಕೋಳಿ ಗೊಬ್ಬರ, ಎಂದೋ ಕಳೆದುಹೋಗಿದ್ದ ಒಂದು ಚಮಚ. ಅಮ್ಮ ಬೆಳಿಗ್ಗೆ ಕುಳಿತಲ್ಲೇ ಇದ್ದಳು. ತಲೆಯ ಮೇಲೆ ನೆರಳಿರಲಿಲ್ಲ.

"ಮನೆ ಕೂತಾಯ್ತು, ಅಮ್ಮ. ಬಾ."

"ಸಂಜೆ ಆಗ್ಲಿ. ಇವತ್ತು ಬರ್ತಾನೆ. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ."

"ನಾಳೆನೂ ಬಂದು ಕೂತ್ಕೋತೀಯಾ?"

"ನಾಳೆನೂ ಕೂತ್ಕೋತೀನಿ. ನುರ್ದಿನ್ ಹೆಂಡತಿ ಓಡಿಸೋ ತನಕ ಕೂತ್ಕೋತೀನಿ."

ಅವಳು ಹಾಗೆಯೇ ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಮದುವೆಯಾಗಿ ಬಂದ ಹುಡುಗಿ ಅಂಗಳ ಗುಡಿಸುವಾಗಲೂ ಇವಳು ಇಲ್ಲಿ ಕುಳಿತಿರುತ್ತಾಳೆ. ಏಣಿಯಿಲ್ಲದ ಕಡೆ ಹೆಜ್ಜೆಗೆ ಕಿವಿಗೊಟ್ಟು, ಕಾಲು ತೊಳೆದು ಬಾ ಎನ್ನುತ್ತಾಳೆ. ಪಕ್ಕದಲ್ಲಿ ಕುಳಿತೆ. ಅವಳ ಮುಖ ನೋಡದೆ, ಹನಾಪಿ ಹೇಳಿದ್ದನ್ನೆಲ್ಲ ಹೇಳಿದೆ. ಬಿದಿರು ಬಗ್ಗದೆ ಇದ್ದದ್ದನ್ನೂ ಹೇಳಿದೆ.

"ಯಾವ ಹೆಗಲು ಅಂದೆ?"

"ಎಡಗಡೆ ಅಂತೆ."

"ಬಲಗಡೆದು ತೆಂಗಿನ ಮರದಿಂದ ಬಿದ್ದು ಮುರಿದಿತ್ತು. ಹಡಗು ಹತ್ತೋ ಹಿಂದಿನ ತಿಂಗಳು. ಕೆಲಸ ಕೊಡಲ್ಲ ಅಂತ ಯಾರಿಗೂ ಹೇಳ್ಬೇಡ ಅಂದಿದ್ದ. ನಿನಗೂ ಹೇಳಿರ್ಲಿಲ್ಲ." ಅವಳು ನೆಲದ ಮೇಲೆ ಅಂಗೈ ಊರಿದಳು. "ಅನ್ನ ಬಡಿಸಿದ್ರಾ ಅವನಿಗೆ?"

ನಾನು ಆ ಚಮಚವನ್ನು ಎತ್ತಿಕೊಂಡು ಮಣ್ಣು ಒರೆಸತೊಡಗಿದೆ.

"ಹೊತ್ತವರಿಗೆಲ್ಲ ಬಡಿಸಿದ್ರಿ ತಾನೇ?"

"ಬಡಿಸಿದ್ವಿ."

"ಅವನಿಗೆ?"

"ಇಲ್ಲ ಅಮ್ಮ."

"ಅಷ್ಟು ದೂರದಿಂದ ಬಂದು ಹೆಗಲು ಕೊಟ್ಟವನನ್ನ ಹಸಿದ ಹೊಟ್ಟೇಲಿ ಕಳಿಸಿದ್ದೀರಿ," ಎಂದು ಹೇಳುತ್ತಲೇ ಅಮ್ಮ ಎದ್ದು ನಿಂತಳು. ಸೊಂಟಕ್ಕೆ ಸುತ್ತಿದ್ದ ಲುಂಗಿಯನ್ನು ಬಿಗಿಮಾಡಿಕೊಂಡು ಗದ್ದೆಗೆ ಇಳಿದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅವಳ ವೇಗಕ್ಕೆ ನಾನು ಓಡಬೇಕಾಯಿತು.

ಅವಳು ಏಣಿ ಹತ್ತಿ ಬಂದಾಗ ಗಂಡಸರು ಊಟ ಮುಗಿಸಿ ಬೀಡಿ ಸೇದುತ್ತಿದ್ದರು. ಅಮುರೆ ಎದ್ದು ನಿಂತರು. ಅಮ್ಮ ಯಾರೊಂದಿಗೂ ಮಾತಾಡದೆ ತಟ್ಟೆ ತೆಗೆದುಕೊಂಡು ಅಂಟಕ್ಕಿ ಹಾಕಿದಳು, ಹೂಮೀನಿನ ಮುಳ್ಳು ಬಿಡಿಸಿದಳು, ಎರಡು ಬಾರೊಂಕೊ ಇಟ್ಟಳು. ಹನಾಪಿಯ ಮುಂದಿನ ಖಾಲಿ ಜಾಗದಲ್ಲಿ ತಟ್ಟೆಯನ್ನಿಟ್ಟು, ಪಕ್ಕದಲ್ಲಿ ನೀರಿಟ್ಟು, ನೊಣ ಕೂರದ ಹಾಗೆ ಬೀಸಣಿಗೆ ಬೀಸುತ್ತಾ ಕುಳಿತಳು. ಹನಾಪಿ ತಲೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅನ್ನದ ಹಬೆ ನಿಲ್ಲುವ ತನಕ ಒಬ್ಬರೂ ಎದ್ದು ಹೋಗಲಿಲ್ಲ.

ಆಮೇಲೆ ಅಮ್ಮ ಬೀಸಣಿಗೆ ಕೆಳಗಿಟ್ಟಳು.

"ಇಮಾಮರೇ, ವೆರೊನ ಹೆಸರಲ್ಲಿ ಓದಿ."

ಅವರು ಎಂದಿನ ಹಾಗೆ ಕಣ್ಣು ಮುಚ್ಚಿಕೊಂಡರು.

"ದಾರಿಯಲ್ಲಿರೋರಿಗೆ ಓದೋದಲ್ಲ," ಎಂದಳು ಅಮ್ಮ. "ಇನ್ನೊಂದು."

ಇಮಾಮರು ಕಣ್ಣು ತೆರೆದು ಅವಳನ್ನು ನೋಡಿದರು. ಬಳಿಕ ಟೋಪಿ ಸರಿಮಾಡಿಕೊಂಡು ಎದ್ದು, ಕೈಕಾಲು ತೊಳೆಯಲು ಕೆಳಗಿಳಿದರು.