ಗಾಳಿಯಲ್ಲಿ ಗೇಲಿ

ನಮ್ಮದಕ್ಕಿಂತ ಚಿಕ್ಕ ವಿಮಾನ ನಿಲ್ದಾಣ ಭೂಮಿಯ ಮೇಲೆ ಇನ್ನೊಂದಿಲ್ಲ. ಇದ್ದರೆ ಅದು ಆಟಿಕೆ ಅಂಗಡಿಯಲ್ಲಿರಬೇಕು. ರನ್‌ವೇಯ ಈ ತುದಿಯಲ್ಲಿ ನಿಂತು ಸೀನಿದರೆ ಆ ತುದಿಯಲ್ಲಿದ್ದವನು ಮುಖ ಒರೆಸಿಕೊಳ್ಳುತ್ತಿದ್ದ. ಅದನ್ನು ಕಟ್ಟಿದವರು ನನ್ನ ಭಾವನ ಅಪ್ಪ. ರೋಡ್ ರೋಲರ್ ಕೆಟ್ಟು ನಿಂತಾಗ ಅವರೇ ಮಲಗಿ ಉರುಳಿ ನೆಲ ಸಮ ಮಾಡಿದರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರ ಹೊಟ್ಟೆ ಕಂಡಿದ್ದವರು ಯಾರೂ ಅನುಮಾನಪಟ್ಟಿಲ್ಲ. ಆ ಕಾಲದ ನಮ್ಮ ಪೈಲಟ್‌ಗಳಲ್ಲಿ ಹಾಸಿಗೆಯ ಮೇಲೆ ಸತ್ತವನು ಒಬ್ಬನೇ, ಅದೂ ಆಸ್ಪತ್ರೆಯ ಹಾಸಿಗೆ. ಮಿಕ್ಕವರನ್ನು ಮರದಿಂದ, ಕೆರೆಯಿಂದ ತರಬೇಕಾಯಿತು. ನಾನು ಅಲ್ಲಿನ ಟವರ್. ಟವರ್ ಎಂದರೆ ಕಟ್ಟಡವೇನೂ ಇರಲಿಲ್ಲ; ಒಂದು ಏಣಿ, ಅದರ ಮೇಲೆ ನಾನು.

ಭಾವನ ಕಾಲಕ್ಕೆ ಉಳಿದಿದ್ದವು ಎರಡೇ ವಿಮಾನ. ಹಳೆಯದರ ಹೆಸರು ಅಜ್ಜಿ. ರೇಡಿಯೊ ಸತ್ತು ವರ್ಷವಾಗಿದ್ದರಿಂದ ಅಜ್ಜಿಗೆ ಪೂರ್ತಿ ಕಿವುಡು. ಇನ್ನೊಂದು ಸೊಸೆ. ಎರಡರಲ್ಲೂ ಪೆಟ್ರೋಲ್ ತೋರಿಸುವ ಮುಳ್ಳು ನನಗಿಂತ ದೊಡ್ಡ ಸುಳ್ಳುಗಾರ. ಹೀಗಾಗಿ ಹಾರುವ ಮುಂಚೆ ಟ್ಯಾಂಕಿನೊಳಗೆ ಕೋಲು ಅದ್ದಿ, ಯಾವ ಗೀಟಿನವರೆಗೆ ಒದ್ದೆಯಾಗಿದೆ ಎಂದು ನೋಡುವುದು ನಮ್ಮ ಪದ್ಧತಿ. ಅಜ್ಜಿಯ ಟ್ಯಾಂಕು ಬಾವಿಯ ಹಾಗೆ ಆಳ, ಸೊಸೆಯದು ಪರಾತದ ಹಾಗೆ ಅಗಲ. ಸೊಸೆಯ ಕೋಲಿನಲ್ಲಿ ‘ತುಂಬಿದೆ’ ಎನ್ನುವ ಗೀಟು ಅಜ್ಜಿಯ ಹೊಟ್ಟೆಯಲ್ಲಿ ಅರ್ಧಕ್ಕೂ ಬರುವುದಿಲ್ಲ. ಕೋಲುಗಳು ಮಾತ್ರ ಉದ್ದದಲ್ಲಿ ಒಂದೇ; ಆದ್ದರಿಂದ ಅಜ್ಜಿಯ ಕೋಲಿನ ತಲೆಗೆ ಕೆಂಪು ಬಣ್ಣ, ಸೊಸೆಯದಕ್ಕೆ ನೀಲಿ.

ಇನ್ನೊಂದು ಪದ್ಧತಿ ಗೇಲಿ. ಗಾಳಿಯಲ್ಲಿ ಎರಡು ವಿಮಾನ ಎದುರಾದರೆ ಒಬ್ಬರನ್ನೊಬ್ಬರು ಕೈಸನ್ನೆಯಲ್ಲಿ ಸುಳ್ಳು ಹೇಳಿ ಹೆದರಿಸಬೇಕು: ನಿನ್ನ ಚಕ್ರ ಕಳಚಿದೆ, ನಿನ್ನ ಬಾಲಕ್ಕೆ ಬೆಂಕಿ ಹತ್ತಿದೆ, ನಿನ್ನ ಪೆಟ್ರೋಲ್ ಮುಗಿದಿದೆ. ನಂಬಿ ಕೆಳಗಿಳಿದವನ ಮಾನ ಹೋಯಿತು. ಭಾವನ ಮಗಳು ಗುಬ್ಬಿ ಹಾರಲು ಕಲಿತ ವರ್ಷವೇ ಅಪ್ಪನ ಪಕ್ಕಕ್ಕೆ ಬಂದು, ರೆಕ್ಕೆಯ ಟ್ಯಾಂಕ್ ತೋರಿಸಿ, ಅಂಗೈ ಮಗುಚಿ ‘ಖಾಲಿ’ ಎಂದಿದ್ದಳು. ಭಾವ ಗಾಬರಿಬಿದ್ದು ಎಲೆಕೋಸಿನ ಹೊಲದಲ್ಲಿ ಇಳಿದರು. ಹೊಲದವನು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದ ವೇಗಕ್ಕೆ ಅವನೇ ಹಾರಬಹುದಿತ್ತು. ಅಂದಿನಿಂದ ಭಾವನನ್ನು ಎಲ್ಲರೂ ಕರೆದದ್ದು ಕೋಸು ಎಂದೇ.

“ಇನ್ಮೇಲೆ ಯಮನೇ ಬಂದು ಹೇಳಿದ್ರೂ ಇಳಿಯಲ್ಲ ಕಣೇ,” ಎಂದು ಅವರು ಮಗಳ ಮುಂದೆ ಶಪಥ ಮಾಡಿದ್ದರು.

ನಿಲ್ದಾಣಕ್ಕೆ ಐವತ್ತು ತುಂಬುವ ವಾರ ಭಾವನಿಗೆ ಬಣ್ಣದ ಹುಚ್ಚು ಹಿಡಿಯಿತು. ಶೆಡ್ಡಿನ ಗೋಡೆ, ಬಾಗಿಲು, ನನ್ನ ಏಣಿ, ಎಲ್ಲದಕ್ಕೂ ಬಿಳಿ ಬಣ್ಣ ಬಳಿದರು. ಸ್ವಲ್ಪ ಹೊತ್ತು ಅಲುಗದೆ ಕೂತಿದ್ದರೆ ನನಗೂ ಬಳಿಯುತ್ತಿದ್ದರು. ಮರುದಿನ ಬೆಳಿಗ್ಗೆ ಗುಡ್ಡದಾಚೆಯ ಕಲ್ಲುಕ್ವಾರಿಯ ಊರಿಗೆ ಔಷಧಿ ಪೆಟ್ಟಿಗೆ ಹಾಕಿಬರಲು ಅಜ್ಜಿಯನ್ನು ಹೊರಡಿಸಿದರು. ಅಲ್ಲಿ ಇಳಿಯಲು ಅಂಗೈಯಗಲ ಜಾಗವೂ ಇಲ್ಲ. ಪೆಟ್ಟಿಗೆಗೆ ಬಟ್ಟೆಯ ಛತ್ರಿ ಕಟ್ಟಿ ಮೇಲಿಂದ ಬಿಟ್ಟು, ಹಾಗೇ ತಿರುಗಿ ಬರಬೇಕು.

“ರೀ, ದಾರೀಲಿ ಒಳ್ಳೆ ಕೋಸು ಸಿಕ್ರೆ ತಗೊಂಡ್ಬನ್ನಿ,” ಎಂದಳು ನನ್ನ ಅಕ್ಕ, ಶೆಡ್ಡಿನ ಬಾಗಿಲಲ್ಲಿ ನಿಂತು.

“ನೋಡ್ದೇನೋ ಭಾಮೈದ? ತಾಯಿ ಮಗಳು ಇಬ್ರೂ ಸೇರಿ ನನ್ನ ಹುರಿದು ಮುಕ್ತಾರೆ,” ಎಂದು ನಕ್ಕು ಭಾವ ಕೋಲು ಅದ್ದಿದರು. ಸರಿಯಾಗಿ ‘ತುಂಬಿದೆ’ ಗೀಟಿನವರೆಗೆ ಒದ್ದೆಯಾಗಿತ್ತು. ಹಾರಿದರು.

ಆಮೇಲೆ ಗುಬ್ಬಿಯ ಸರದಿ. ನಮ್ಮ ಮೆಕ್ಯಾನಿಕ್ ಗ್ರೀಸಣ್ಣ ಸೊಸೆಯ ಟ್ಯಾಂಕಿಗೆ ಕೋಲು ಅದ್ದಿ ತಲೆ ಕೆರೆದುಕೊಂಡ.

“ಅರ್ಧಾನೂ ಇಲ್ಲ ಅಂತಿದೆಯಲ್ಲಪ್ಪ ಇದು! ನಿನ್ನೆ ನಾನೇ ಬಾಯಿಮಟ್ಟ ತುಂಬಿಸಿದ್ದೆ.”

“ನೀನೇ ಕುಡಿದಿರ್ತೀಯ,” ಎಂದೆ.

ಅವನು ನಗಲಿಲ್ಲ. ಉಗುರಿನಿಂದ ಕೋಲಿನ ತಲೆಯ ಬಿಳಿ ಬಣ್ಣ ಕೆರೆದ. ಒಳಗೆ ಕೆಂಪು ಬಣ್ಣ ಕಾಣಿಸಿತು.

ಅಂದರೆ ಅಜ್ಜಿಯ ಕೋಲು ಇಲ್ಲಿತ್ತು. ಭಾವ ಸೊಸೆಯ ಕೋಲಿನಿಂದ ಅಳೆದು, ಅರ್ಧಕ್ಕಿಂತ ಕಡಿಮೆ ಪೆಟ್ರೋಲಿನಲ್ಲಿ ಮೇಲೇರಿದ್ದರು. ಅಷ್ಟು ಪೆಟ್ರೋಲಿನಲ್ಲಿ ಗುಡ್ಡ ದಾಟಬಹುದು, ವಾಪಸ್ ದಾಟಲಾಗದು. ಗುಡ್ಡದ ಈಚೆ ಬಯಲಿದೆ, ಹೊಲವಿದೆ; ಆಚೆ ಬರೀ ಬಂಡೆ, ಸೀಳು, ಕಲ್ಲಿನ ಗುಂಡಿ.

“ಮಾಮ, ಹತ್ತು!” ಎಂದಳು ಗುಬ್ಬಿ. ನಾನು ಪಕ್ಕದ ಸೀಟಿಗೆ ಹೇಗೆ ಬಿದ್ದೆನೋ ತಿಳಿಯದು. ಸೊಸೆ ಅಂದು ಓಡಿದ ಹಾಗೆ ಯಾವ ವಿಮಾನವೂ ಓಡಿಲ್ಲ. ನಮ್ಮ ನೆರಳು ಹಿಂದೆ ಉಳಿದು ಏದುಸಿರು ಬಿಟ್ಟಿರಬೇಕು. ಗುಡ್ಡದ ಬುಡದಲ್ಲಿ ಭಾವ ಸಿಕ್ಕರು. ಗುಬ್ಬಿ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ತಂದಳು. ನಾನು ಗಾಜಿಗೆ ಮುಖ ಒತ್ತಿ ಟ್ಯಾಂಕ್ ತೋರಿಸಿದೆ, ಅಂಗೈ ಮಗುಚಿದೆ.

ಭಾವ ನೋಡಿದರು. ಅವರ ಹಲ್ಲೆಲ್ಲ ಕಂಡವು. ಎರಡೂ ಹೆಬ್ಬೆರಳು ಎತ್ತಿ ನಮ್ಮ ಕಡೆ ಆಡಿಸಿದರು.

“ಅಪ್ಪಾ, ನಿಜವಾಗ್ಲೂ ಅಪ್ಪಾ!” ಗುಬ್ಬಿ ಕೂಗುತ್ತಿದ್ದಳು. ಇಂಜಿನ್ನಿನ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ನಾನು ಕೈಮುಗಿದೆ, ಅತ್ತುಬಿಟ್ಟೆ. ಅಳುವುದೂ ನಮ್ಮ ಗೇಲಿಯ ಒಂದು ವರಸೆ. ಅದರಲ್ಲಿ ನನ್ನನ್ನು ಮೀರಿಸುವವರೇ ಇರಲಿಲ್ಲ. ಭಾವ ತಾವೂ ಕಣ್ಣೊರೆಸಿಕೊಳ್ಳುವಂತೆ ನಟಿಸಿದರು. ಗುಬ್ಬಿ ಅವರ ಮೂತಿಗೆ ಅಡ್ಡ ಹಾಯ್ದಳು. ಅವರು ಖುಷಿಯಿಂದ ಅಜ್ಜಿಯನ್ನು ಪಕ್ಕಕ್ಕೆ ಹೊರಳಿಸಿ, ತಪ್ಪಿಸಿಕೊಂಡು, ಗುಡ್ಡದ ನೆತ್ತಿ ದಾಟಿದರು.

ನಾವೂ ದಾಟಿದೆವು. ಅವರು ಪೆಟ್ಟಿಗೆ ಬಿಟ್ಟರು. ಛತ್ರಿ ಬಿಚ್ಚಿಕೊಂಡು, ಊರಿನ ಮಧ್ಯಕ್ಕೇ ನಿಧಾನ ಇಳಿಯಿತು. ಭಾವ ಹಿಂದಿರುಗಲು ತಿರುಗಿದರು. ಅಷ್ಟರಲ್ಲಿ ಅಜ್ಜಿಯ ಪ್ರೊಪೆಲ್ಲರ್ ಕಣ್ಣಿಗೆ ಕಂಡಿತು. ಸುತ್ತುವಾಗ ಅದು ಕಾಣುವುದಿಲ್ಲ.

ಅಜ್ಜಿ ಜಾರತೊಡಗಿತು. ಗುಬ್ಬಿ ಬಿಡದೆ ಪಕ್ಕದಲ್ಲೇ ಕೆಳಗೆ ಕೆಳಗೆ ಹೋದಳು. ಬಂಡೆಗಳು ದೊಡ್ಡದಾಗುತ್ತಾ ಬಂದವು. ಭಾವ ನಮ್ಮ ಕಡೆ ತಿರುಗಿದರು. ಈಗ ಮುಖದಲ್ಲಿ ನಗುವಿರಲಿಲ್ಲ. ಕೈಯನ್ನು ಮೇಲಕ್ಕೆ, ಮತ್ತೆ ಮೇಲಕ್ಕೆ ಬೀಸಿದರು: ಏರು, ಏರು, ಹೋಗು.

“ಏರೇ ಗುಬ್ಬಿ!” ಎಂದೆ.

ಏರಿದಳು. ನಾನು ಕೆಳಗೆ ನೋಡಿದೆ, ಅವಳು ನೋಡಲಿಲ್ಲ. ಸದ್ದು ಬರಲಿಲ್ಲ, ಧೂಳು ಎದ್ದಿತು. ಸುಡಲು ಟ್ಯಾಂಕಿನಲ್ಲಿ ಏನೂ ಇರಲಿಲ್ಲವಾದ್ದರಿಂದ ಬೆಂಕಿಯೂ ಹತ್ತಲಿಲ್ಲ.

ಕ್ವಾರಿಯ ಜನಕ್ಕೆ ಜಾಗ ತಿಳಿಯಲೆಂದು ಗುಬ್ಬಿ ಅದೇ ಗುಂಡಿಯ ಮೇಲೆ ಸುತ್ತು ಹಾಕುತ್ತಲೇ ಇದ್ದಳು. ಕೊನೆಗೊಂದು ಲಾರಿ ಹತ್ತಿರ ಬಂದು ನಿಂತಿತು. ಇಳಿದವರು ಬಗ್ಗಿ ನೋಡಿ, ತಲೆಯ ಮೇಲಿನ ಬಟ್ಟೆ ತೆಗೆದರು.

“ಮಾಮ, ಅಮ್ಮಂಗೆ ನೀನೇ ಹೇಳು,” ಎಂದಳು ಗುಬ್ಬಿ, ಮುಂದೆ ನೋಡುತ್ತಲೇ. “ನೀನು ಹೇಳಿದ್ದು ಅವಳು ಯಾವತ್ತೂ ಪೂರ್ತಿ ನಂಬಲ್ಲ. ಸ್ವಲ್ಪ ಹೊತ್ತಾದ್ರೂ ಹಾಗೇ ಇರ್ಲಿ.”

ಅಕ್ಕ ರನ್‌ವೇಯ ಅಂಚಿನಲ್ಲೇ ನಿಂತಿದ್ದಳು, ಗ್ರೀಸಣ್ಣ ಅವಳ ಹಿಂದೆ. ನಾನು ಇಳಿದು ಅವಳ ಮುಂದೆ ನಿಂತು ಹೇಳಿದೆ.

ಅಕ್ಕ ಪೂರ್ತಿ ನಂಬಿದಳು.